ಲೈನ್‌ಮನ್ ಮನೆಯ ಬಾಯ್ಲರ್

ನಾನು ಹೋದಾಗ ಲೈನ್‌ಮನ್ ಪೆಟ್ಟಿಗೆ ಬಿಚ್ಚಿ, ಥರ್ಮೊಸ್ಟಾಟನ್ನು ತೊಡೆಯ ಮೇಲಿಟ್ಟುಕೊಂಡು ಗಾಲಿಕುರ್ಚಿಯಲ್ಲಿ ಕುಳಿತಿದ್ದರು. ಅಂಗೈಯಗಲದ ಬಿಳಿ ಯಂತ್ರ, ಗಾಜಿನ ಮುಖ. ಬಾಯ್ಲರಿನ ಬಿಸಿ ಎಷ್ಟಿದೆ ಎಂದು ಫೋನಿನಲ್ಲೇ ನೋಡಬಹುದು, ಬೇಕಾದ ಡಿಗ್ರಿಗೆ ನಿಲ್ಲಿಸಬಹುದು ಎಂದು ಓದಿ, ಆನ್‌ಲೈನಿನಲ್ಲಿ ತಾವೇ ತರಿಸಿಕೊಂಡಿದ್ದರು. ಜೊತೆಗೆ ಬಂದ ಪುಸ್ತಿಕೆಯಲ್ಲಿ ಹಿಮ ಬೀಳುವ ಊರಿನ ಮನೆಯ ಚಿತ್ರವಿತ್ತು. ಗೋಡೆಗೆ ತೂಗುಹಾಕಿದ ಬೆಳ್ಳಗಿನ ಬಾಯ್ಲರ್, ಸೋಫಾದ ಮೇಲೆ ನಗುವ ಗಂಡಹೆಂಡತಿ. ಇವರ ಬಚ್ಚಲುಮನೆಯಲ್ಲಿದ್ದ ಬಾಯ್ಲರ್ ಬೇರೆಯೇ ಜಾತಿಯದು. ಸೊಂಟದೆತ್ತರದ ತಾಮ್ರದ ಹಂಡೆಯಂಥದ್ದು; ನಡುವೆ ಹೊಗೆಕೊಳವೆ, ಕೆಳಗೆ ಸೌದೆ ಉರಿಸುವ ಗೂಡು. ಹಿಂದೆ ಯಾವಾಗಲೋ ಪಕ್ಕದಲ್ಲಿ ತೂತು ಕೊರೆದು ಕರೆಂಟಿನ ಕಾಯಿಲ್ ಕೂರಿಸಿದ್ದರು. ಕರೆಂಟಿದ್ದರೆ ಕಾಯಿಲ್, ಇಲ್ಲದಿದ್ದರೆ ಸೌದೆ.

ಶಿರಸಿಯಲ್ಲಿ ಗೀಸರ್, ಸೋಲಾರ್ ಹೀಟರ್ ಕೂರಿಸುವುದು, ರಿಪೇರಿ ಮಾಡುವುದು ನನ್ನ ಕೆಲಸ. ಆ ಕೆಲಸದ ಓಡಾಟದಲ್ಲಿ ಅವರ ಮುಖಪರಿಚಯ ಮೊದಲೇ ಇತ್ತು. ಲೈನ್‌ಮನ್ ಆಗಿದ್ದವರು. ಕಂಬ ಹತ್ತುವಾಗ ಒಂದು ಕೈಯಲ್ಲಿ ಬೀಡಿ ಹಿಡಿದೇ ಹತ್ತುತ್ತಿದ್ದರೆಂದು ಜನ ಹೇಳುತ್ತಿದ್ದರು. ಒಮ್ಮೆ ಲೈನ್ ಬಂದ್ ಮಾಡಿಸಿಕೊಂಡೇ ಹತ್ತಿದ್ದರು. ಯಾರದೋ ಮನೆಯ ಜನರೇಟರಿನ ಕರೆಂಟು ತಿರುಗಿ ಲೈನಿಗೆ ಬಂತು. ಹೊಡೆತಕ್ಕೆ ಕೈ ಸುಟ್ಟು ಕೆಳಗೆ ಬಿದ್ದರು, ಬೆನ್ನುಹುರಿ ತುಂಡಾಯಿತು. ಸೊಂಟದ ಕೆಳಗೆ ಈಗ ಏನೂ ತಿಳಿಯುವುದಿಲ್ಲ. ಎರಡೂ ಅಂಗೈಗಳಿಗೆ ತೊಡೆಯ ಚರ್ಮ ತಂದು ಕಸಿ ಮಾಡಿದ್ದಾರೆ. ಹಿಡಿತವಿದೆ, ಆದರೆ ಹಿಡಿದದ್ದು ಬಿಸಿಯೋ ತಣ್ಣಗೋ ಎಂಬುದು ಆ ಕೈಗಳಿಗೆ ಗೊತ್ತಾಗುವುದಿಲ್ಲ.

ಹಿಂದಿನ ವರ್ಷದ ಚಳಿಗಾಲದಲ್ಲಿ ಅವರ ಹೆಂಡತಿ ಬಕೆಟ್ಟಿನಲ್ಲಿ ನೀರು ಹದ ಮಾಡಿಟ್ಟು, ಹೊರಗೆ ಯಾರೋ ಕರೆದರೆಂದು ಹೋಗಿದ್ದರಂತೆ. ಬಿಸಿನೀರಿನ ನಲ್ಲಿ ಪೂರ್ತಿ ನಿಂತಿರಲಿಲ್ಲ. ಬಕೆಟ್ ತುಂಬಿ, ಉಕ್ಕಿ, ಸ್ಟೂಲಿನ ಮೇಲೆ ಕುಳಿತವರ ಪಾದದ ಮೇಲೆ ಸುಡುನೀರು ಹರಿಯುತ್ತಲೇ ಇತ್ತು. ಅವರು ಹಾಡು ಗುನುಗುತ್ತ ತಲೆಗೆ ಸಾಬೂನು ಹಚ್ಚಿಕೊಳ್ಳುತ್ತಿದ್ದರು. ಹೆಂಡತಿ ತಿರುಗಿ ಬಂದಾಗ ಎರಡೂ ಪಾದಗಳ ಚರ್ಮ ಎದ್ದುಬಂದಿತ್ತು. ಅದು ಮಾಯಲು ಮಳೆಗಾಲ ಮುಗಿಯಬೇಕಾಯಿತು. ಅಂದಿನಿಂದ ಆಕೆ ಅವರನ್ನು ಬಚ್ಚಲಿನಲ್ಲಿ ಒಂದು ಕ್ಷಣವೂ ಬಿಟ್ಟಿರಲಿಲ್ಲ. ಮೊಣಕೈ ಅದ್ದಿ ನೋಡಿ, ಚೊಂಬು ಚೊಂಬಾಗಿ ತಾವೇ ಹೊಯ್ದು ಮೀಯಿಸುತ್ತಿದ್ದರು. ಆಮೇಲೆ ಶಾಲೆಗೆ ಓಡಬೇಕು. ಬಿಸಿಯೂಟದ ಅಡುಗೆ ಅವರದು. ಗಂಡನನ್ನು ಎತ್ತಿ ಇಳಿಸಿ ಒಂದು ಭುಜ ಮೇಲಕ್ಕೇಳದ ಹಾಗಾಗಿತ್ತು.

ಅವರಿಗೆ ಬೇಕಾದದ್ದು ಇಷ್ಟು: ಬಾಗಿಲು ಹಾಕಿಕೊಂಡು ಒಬ್ಬರೇ ಸ್ನಾನ ಮಾಡಬೇಕು. ನಲ್ಲಿಯಲ್ಲಿ ಬರುವ ನೀರು ಸುಡುವುದಿಲ್ಲವೆಂದು ಯಂತ್ರ ಭರವಸೆ ಕೊಡಬೇಕು. ಹೆಂಡತಿಯ ಭುಜಕ್ಕೆ ವಿಶ್ರಾಂತಿ ಸಿಗಲೆಂದು ಕೇಳುತ್ತಿದ್ದಾರೆ ಎಂದುಕೊಂಡೆ. ಆಕೆ ಚಹಾ ತರಲು ಒಳಗೆ ಹೋದಾಗ ಅವರು ಸಣ್ಣ ದನಿಯಲ್ಲಿ ಬೇರೆಯೇ ಕಾರಣ ಹೇಳಿದರು.

"ಅವಳ ಕೈಲಿ ಮೀಯೂದಕ್ಕೆ ನಂಗೆ ನಾಚಿಕೆ ಇಲ್ಲ, ತಂಗಿ. ಆದ್ರೆ ದಿನಾ ಕಾಲಿಗೆ ನೀರು ಹಾಕುವಾಗ ಆ ಕಲೆ ನೋಡ್ತಾಳೆ. ನೋಡಿ ಮಾತು ನಿಲ್ಸ್ತಾಳೆ. ಅದನ್ನ ನನ್ನ ಹತ್ರ ನೋಡೂಕೆ ಆಗೂದಿಲ್ಲ."

ಮೊದಲನೆಯ ದಿನವೇ ಒಂದು ಸತ್ಯ ಗೊತ್ತಾಯಿತು. ಆ ಥರ್ಮೊಸ್ಟಾಟ್ ಅಳೆಯುವುದು ನೀರಿನ ಬಿಸಿಯನ್ನಲ್ಲ, ಕೋಣೆಯ ಗಾಳಿಯ ಬಿಸಿಯನ್ನು. ಚಳಿದೇಶದಲ್ಲಿ ಮನೆ ಬೆಚ್ಚಗಾದ ಕೂಡಲೇ ಬಾಯ್ಲರ್ ನಿಲ್ಲಿಸುವುದು ಅದರ ಕೆಲಸ. ಅದನ್ನು ಬಚ್ಚಲುಮನೆಯ ಗೋಡೆಗೆ ಹಾಕಿದರೆ ನೀರು ಕುದಿದು ಹಬೆಯಾದ ಮೇಲೂ ಗಾಳಿ ಇನ್ನೂ ತಣ್ಣಗಿದೆ ಎಂದುಕೊಂಡು ಕಾಯಿಲ್ ಉರಿಸುತ್ತಲೇ ಇರುತ್ತದೆ. ವಾಪಸು ಕಳಿಸಿಬಿಡಿ ಎಂದೆ. ಅವರು ಪುಸ್ತಿಕೆಯ ಹಿಂದಿನ ಪುಟ ತೆಗೆದು ಬೆರಳಿಟ್ಟು ತೋರಿಸಿದರು. ನೆಲದಡಿ ಹೂಳುವ ಒಂದು ಹೊರ ಸೆನ್ಸರ್ ಜೋಡಿಸಲು ಎರಡು ಟರ್ಮಿನಲ್ ಇದ್ದವು. ಅಲ್ಲಿಗೆ ವೈರ್ ಕೊಟ್ಟು, ಒಳಗಿನ ಸೆಟ್ಟಿಂಗಿನಲ್ಲಿ ಗಾಳಿಯ ಬದಲು ಹೊರ ಸೆನ್ಸರನ್ನು ಆರಿಸಿದರೆ ಅದು ಆ ವೈರಿನ ತುದಿಯನ್ನೇ ನಂಬುತ್ತದೆ. ಅವರು ಹೇಳಿದ್ದು ಸರಿಯಿತ್ತು. ಮೂವತ್ತೈದು ಡಿಗ್ರಿಗಿಂತ ಮೇಲೆ ಹೋಗದಂತೆ ಹಾಕಿದ್ದ ಮಿತಿಯನ್ನೂ ಅದೇ ಸೆಟ್ಟಿಂಗಿನಲ್ಲಿ ಏರಿಸಬಹುದಿತ್ತು.

ಸೆನ್ಸರಿನ ತುದಿ ಪ್ಲಾಸ್ಟಿಕ್ಕಿನದು. ನೇರ ನೀರಿನಲ್ಲಿ ಇಳಿಬಿಟ್ಟರೆ ಬಹಳ ದಿನ ಬಾಳುವುದಿಲ್ಲ. ಬಾಯ್ಲರಿನ ಮೈಯೊಳಗೆ ಒಂದು ಮುಚ್ಚಿದ ಹಿತ್ತಾಳೆ ಕೊಳವೆ ಬೆಸೆದು, ಅದರೊಳಗೆ ಸೆನ್ಸರ್ ತುರುಕಬೇಕು. ಬಾಯ್ಲರನ್ನು ಕಿತ್ತು, ಗೂಡ್ಸ್ ಗಾಡಿಯಲ್ಲಿ ಶಿರಸಿಗೆ ತಂದು, ತಾಮ್ರದ ಪಾತ್ರೆ ಬೆಸೆಯುವವರ ಹತ್ತಿರ ಕೊಟ್ಟೆ. ಅವರು ಒಳಗೆ ಕೈಹಾಕಿ ಸವರಿ ಮುಖ ಕಿವುಚಿದರು. ತಗಡು ತೆಳ್ಳಗಾಗಿದೆ, ಮೇಲ್ಭಾಗವಂತೂ ಇನ್ನೂ ತೆಳು, ಬೆಂಕಿ ತೋರಿಸಿದರೆ ಇನ್ನೊಂದು ಕಡೆ ತೂತು ಬಿದ್ದೀತು ಎಂದರು. ಅವರ ಎಣಿಕೆ ತಪ್ಪಲಿಲ್ಲ. ಕೊಳವೆ ಬೆಸೆದು ನೀರು ತುಂಬಿದರೆ ಕೆಳಗೊಂದು ಹನಿ. ಅದನ್ನು ಮುಚ್ಚಿದರೆ ಪಕ್ಕದಲ್ಲಿ ಮತ್ತೊಂದು. ಅಷ್ಟೂ ದಿನ ಲೈನ್‌ಮನ್ ಹೆಂಡತಿ ಅಂಗಳದಲ್ಲಿ ಮೂರು ಕಲ್ಲಿಟ್ಟು ಹಂಡೆಯಲ್ಲಿ ನೀರು ಕಾಯಿಸಿ, ಬಚ್ಚಲಿಗೆ ಹೊತ್ತು ತಂದು ಗಂಡನನ್ನು ಮೀಯಿಸಿದರು. ನಾನು ಫೋನು ಮಾಡಿದಾಗಲೆಲ್ಲ ಆಕೆ ಬಯ್ಯಲಿಲ್ಲ, ಎಂದು ಬರುತ್ತದೆ ಎಂದಷ್ಟೇ ಕೇಳುತ್ತಿದ್ದರು.

ಹೊಸ ಗೀಸರ್ ಕೂರಿಸೋಣ ಎಂದು ನಾನು ಹೇಳದೆ ಇರಲಿಲ್ಲ. ಅದರ ನೀರೂ ಸುಡುವ ನೀರೇ ಎಂದರು ಲೈನ್‌ಮನ್. ಕರೆಂಟು ಹೋದ ದಿನ ಅದು ಬರೀ ಡಬ್ಬಿ ಎಂದರು ಹೆಂಡತಿ. ಅವರ ಮನೆ ಹೆಗ್ಗರಣೆಯಿಂದ ಒಳಗೆ, ಲೈನಿನ ಕಟ್ಟಕಡೆಗಿತ್ತು. ಒಂದು ಮರದ ಕೊಂಬೆ ಬಿದ್ದರೂ ಮೊದಲು ಕತ್ತಲಾಗುವುದು ಅವರ ಮನೆ, ಕೊನೆಗೆ ಬೆಳಕಾಗುವುದೂ ಅವರದೇ.

ಹನಿಯೆಲ್ಲ ನಿಂತು ಬಾಯ್ಲರ್ ತಿರುಗಿ ಬಂದ ಮೇಲೆ ವೈರಿಂಗ್ ಶುರುಮಾಡಿದೆ. ಥರ್ಮೊಸ್ಟಾಟಿನ ಒಳಗೆ ಕರೆಂಟು ಹಾಕಿ ತೆಗೆಯುವ ರಿಲೇ ಚಿಕ್ಕದು, ಕಾಯಿಲಿನ ಭಾರ ಅದು ತಡೆಯುವುದಿಲ್ಲ. ಹೀಗಾಗಿ ನಡುವೆ ದೊಡ್ಡ ಭಾರ ತಡೆಯುವ ಸ್ವಿಚ್ಚು, ಒಂದು ಕಾಂಟ್ಯಾಕ್ಟರ್ ಹಾಕಿದೆ. ಥರ್ಮೊಸ್ಟಾಟ್ ಕಾಂಟ್ಯಾಕ್ಟರನ್ನು ಎಳೆಯುತ್ತದೆ, ಕಾಂಟ್ಯಾಕ್ಟರ್ ಕಾಯಿಲಿಗೆ ಕರೆಂಟ್ ಕೊಡುತ್ತದೆ. ಮಧ್ಯಾಹ್ನ ಪರೀಕ್ಷಿಸಿದಾಗ ಎಲ್ಲ ಚೆನ್ನಾಗಿತ್ತು. ಮರುದಿನ ಬೆಳಿಗ್ಗೆ ಅವರೇ ಫೋನು ಮಾಡಿ ಅದರ ಸದ್ದನ್ನು ಕೇಳಿಸಿದರು. ಕಾಂಟ್ಯಾಕ್ಟರ್ ಹಲ್ಲು ಕಡಿಯುವ ಹಾಗೆ ಕಟಕಟ ಎನ್ನುತ್ತಿತ್ತು. ಬೆಳಿಗ್ಗೆ ಎಲ್ಲ ಮನೆಗಳಲ್ಲೂ ಪಂಪು, ಹೀಟರು ಓಡುತ್ತವೆ. ಲೈನಿನ ಕೊನೆಗೆ ವೋಲ್ಟೇಜ್ ಉಳಿಯುವುದಿಲ್ಲ. ಹಿಡಿಯುತ್ತದೆ, ಬಿಡುತ್ತದೆ, ಹಿಡಿಯುತ್ತದೆ. ಹಾಗೆ ಹೊಡೆದುಕೊಂಡರೆ ಅದರ ಒಳಗಿನ ಸಂಪರ್ಕದ ಬಿಲ್ಲೆಗಳು ಕರಗಿ ಅಂಟಿಕೊಳ್ಳುತ್ತವೆ. ಅಂಟಿಕೊಂಡರೆ ಥರ್ಮೊಸ್ಟಾಟ್ ಸಾಕು ಎಂದರೂ ಕಾಯಿಲ್ ನಿಲ್ಲುವುದಿಲ್ಲ.

ಅವರು ಹಳೆಯ ಸಹೋದ್ಯೋಗಿಗಳಿಗೆ ಹೇಳಿ ಕಳಿಸಿದರು. ಇಬ್ಬರು ಬಂದು, ಮನೆಯ ಕನೆಕ್ಷನನ್ನು ಕಂಬದ ಮೇಲಿನ ಇನ್ನೊಂದು ತಂತಿಗೆ, ಕಡಿಮೆ ಭಾರವಿರುವ ಫೇಸಿಗೆ ಬದಲಾಯಿಸಿಕೊಟ್ಟರು. ಅವರು ಕಂಬದ ಮೇಲಿದ್ದಷ್ಟು ಹೊತ್ತು ಲೈನ್‌ಮನ್ ಅಂಗಳದಲ್ಲಿ ಗಾಲಿಕುರ್ಚಿಯ ಮೇಲೆ ಕತ್ತೆತ್ತಿ ಕುಳಿತು, ಬೆಲ್ಟ್ ಹಾಕಿಕೊಂಡಿಯೋ, ತಂತಿಗಳನ್ನು ಶಾರ್ಟ್ ಮಾಡಿ ನೆಲಕ್ಕೆ ಅರ್ಥ್ ಕೊಟ್ಟಿಯೋ ಎಂದು ಒಂದೊಂದನ್ನೂ ಕೇಳುತ್ತಿದ್ದರು. ಇಳಿದು ಬಂದವರು ಚಹಾ ಕುಡಿಯುವಾಗ ಹವೆ, ಹೊಸ ಅಧಿಕಾರಿ, ಯಾರದೋ ಮದುವೆ ಎಂದು ಮಾತಾಡಿದರು. ಅವರ ಕಣ್ಣು ಕುರ್ಚಿಯ ಪಾದದ ಹಲಗೆಯ ಕಡೆಗೆ ಒಮ್ಮೆಯೂ ಇಳಿಯಲಿಲ್ಲ. ಬೇಗ ಹೊರಟುಬಿಟ್ಟರು. ಹೋದ ಮೇಲೆ ಲೈನ್‌ಮನ್, ಹುಡುಗರು ಒಳ್ಳೆಯವರು, ನನ್ನನ್ನು ನೋಡಿದರೆ ಹೆದರುತ್ತಾರೆ, ನಾನಾಗಿದ್ದರೂ ಹೆದರುತ್ತಿದ್ದೆ ಎಂದರು.

ವೋಲ್ಟೇಜ್ ಸುಧಾರಿಸಿತು. ಮುಂದಿನ ತೊಡಕು ನೀರಿನದೇ. ಗಾಜಿನ ಮುಖದ ಮೇಲೆ ನಲವತ್ತೊಂದು ಎಂದಿದ್ದರೆ, ನಲ್ಲಿಯಲ್ಲಿ ಕೈಯಿಡಲಾಗದ ನೀರು ಬರುತ್ತಿತ್ತು. ಹಂಡೆಯಲ್ಲಿ ನೀರು ಒಂದೇ ಬಿಸಿಯಲ್ಲಿರುವುದಿಲ್ಲ. ಬಿಸಿ ಮೇಲೆ, ತಂಪು ಕೆಳಗೆ, ಪದರ ಪದರ. ನಲ್ಲಿಗೆ ಹೋಗುವುದು ಮೇಲಿನ ನೀರು. ಮೇಲಿನ ತೆಳುವಾದ ತಗಡಿಗೆ ಹೆದರಿ ನಾವು ಕೊಳವೆ ಬೆಸೆದದ್ದು ನಡುಮಟ್ಟಕ್ಕಿಂತ ಕೆಳಗೆ. ಅದನ್ನು ಮತ್ತೆ ಕಿತ್ತು ಮೇಲೆ ಬೆಸೆಯುವ ಧೈರ್ಯ ಯಾರಿಗೂ ಇರಲಿಲ್ಲ. ಸೆಟ್ಟಿಂಗನ್ನು ಇಳಿಸುತ್ತ, ನಲ್ಲಿಯ ನೀರನ್ನು ನನ್ನ ಗಾಜಿನ ಥರ್ಮಾಮೀಟರಿನಲ್ಲಿ ಅಳೆಯುತ್ತ, ಎರಡರ ನಡುವೆ ಒಂದು ಅಂದಾಜಿನ ಲೆಕ್ಕ ಹಿಡಿದೆವು. ಅಂದಾಜು ಎಂಬ ಮಾತು ನನಗೆ ಹಿಡಿಸಲಿಲ್ಲ. ಇನ್ನೊಂದು ವಾರ ನೋಡೋಣ, ಅಲ್ಲಿಯವರೆಗೆ ಹೆಂಡತಿಯೇ ಮೀಯಿಸಲಿ ಎಂದು ಹೇಳಿ ಬಂದೆ.

ವಾರ ಕಳೆದು ನಾನು ಹೋದ ದಿನ ದಟ್ಟ ಇಬ್ಬನಿ. ಮನೆಯ ಮುಂದೆ ಸ್ಕೂಟರ್ ನಿಲ್ಲಿಸುವಾಗಲೇ ಹೊಗೆಕೊಳವೆಯಿಂದ ಹೊಗೆ ಏಳುವುದು ಕಂಡಿತು. ಕರೆಂಟು ಹಿಂದಿನ ಸಂಜೆಯಿಂದಲೇ ಇರಲಿಲ್ಲ, ಹೆಂಡತಿ ಸೌದೆ ಹಾಕಿದ್ದರು. ಲೈನ್‌ಮನ್ ಆಗಲೇ ಬಚ್ಚಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಟವೆಲು ಸುತ್ತಿಕೊಂಡು ಕೂತಿದ್ದರು, ನಲ್ಲಿಯ ಮೇಲೆ ಕೈ. ಇವತ್ತು ಸರಿಯಿದೆ ನೋಡು ಎಂದು ಫೋನನ್ನು ನನ್ನ ಕಡೆ ತಿರುಗಿಸಿದರು. ನಲವತ್ತು ಎಂದು ದಪ್ಪ ಅಕ್ಷರದಲ್ಲಿತ್ತು. ನಾನು ರೂಢಿಯಂತೆ ಥರ್ಮಾಮೀಟರ್ ತೆಗೆದು, ನಲ್ಲಿಯನ್ನು ನನ್ನ ಕಡೆಗೆ ತಿರುಗಿಸಿ ಬಿಟ್ಟೆ. ಪಾದರಸ ಐವತ್ತು ದಾಟಿತು, ಅರವತ್ತು ದಾಟಿತು, ಎಪ್ಪತ್ತರ ಗೆರೆಯನ್ನೂ ದಾಟಿ ಏರುತ್ತಲೇ ಹೋಯಿತು.

ಕರೆಂಟಿಲ್ಲದೆ ಥರ್ಮೊಸ್ಟಾಟ್ ಸತ್ತಿತ್ತು, ವೈಫೈಯೂ ಸತ್ತಿತ್ತು. ಫೋನು ಕಳೆದ ಸಂಜೆ ತನಗೆ ತಲುಪಿದ್ದ ಕೊನೆಯ ಅಂಕಿಯನ್ನೇ ತೋರಿಸುತ್ತ ಕೂತಿತ್ತು. ಹಳೆಯ ಅಂಕಿ ಎಂಬುದಕ್ಕೆ ಮೂಲೆಯಲ್ಲಿ ಒಂದು ಸಣ್ಣ ಬೂದುಬಣ್ಣದ ಗುರುತು ಮಾತ್ರ. ನನ್ನ ಕಣ್ಣಿಗೂ ಅದು ಕೂಡಲೇ ಬಿದ್ದಿರಲಿಲ್ಲ.

ಹೆಂಡತಿ ಬಂದು ನಲ್ಲಿಯಿಂದ ಏಳುವ ಹಬೆ ನೋಡಿದರು, ಗಂಡನ ಬರಿಗಾಲು ನೋಡಿದರು, ಹೊಸ್ತಿಲ ಮೇಲೆ ಕೂತರು. ಲೈನ್‌ಮನ್ ಫೋನನ್ನು ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದರು.

ಅಂದು ಮಧ್ಯಾಹ್ನ ಅಂಗಳದಲ್ಲಿ ಕೂತು ಮೂವರೂ ವಿಚಾರ ಮಾಡಿದೆವು. ಥರ್ಮೊಸ್ಟಾಟ್ ಕಾಯಿಲನ್ನು ನಿಲ್ಲಿಸಬಲ್ಲದು. ಉರಿಯುವ ಸೌದೆಯನ್ನು ನಿಲ್ಲಿಸಲಾರದು. ಎರಡೂ ಒಂದೇ ಬಾಯ್ಲರಿಗೆ ಇರುವಷ್ಟು ದಿನ ಈ ಮನುಷ್ಯನನ್ನು ಬಾಗಿಲು ಹಾಕಿ ಒಳಗೆ ಬಿಡಲಾಗದು. ನಾನು ಹೇಳಿದ ದಾರಿ ಒಂದೇ. ಬಾಯ್ಲರಿನ ಕೆಳಗಿನ ಗೂಡನ್ನು ಕಲ್ಲಿಟ್ಟು ಸಿಮೆಂಟು ಹಾಕಿ ಮುಚ್ಚಬೇಕು. ಥರ್ಮೊಸ್ಟಾಟ್ ಕೈಕೊಟ್ಟರೆ ಕಾಯಿಲನ್ನು ತಾನೇ ಕಡಿಯುವ, ಕೈಯಿಂದ ಒತ್ತದೆ ಮತ್ತೆ ಚಾಲೂ ಆಗದ ಒಂದು ಕಟೌಟ್ ಬೇರೆ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಲ್ಲಿಯ ಹಿಂದೆ ಒಂದು ಬೆರಕೆ ವಾಲ್ವ್ ಕೂರಿಸಬೇಕು. ಅದರೊಳಗೆ ಮೇಣದ ಗುಂಡಿಯೊಂದಿರುತ್ತದೆ. ಬಿಸಿಗೆ ಹಿಗ್ಗಿ, ತಂಪಿಗೆ ಕುಗ್ಗಿ, ಬಿಸಿನೀರು ತಣ್ಣೀರುಗಳನ್ನು ಹದವಾಗಿ ಬೆರೆಸಿ ಬಿಡುತ್ತದೆ. ತಣ್ಣೀರು ನಿಂತರೆ ಬಿಸಿಯನ್ನೂ ಮುಚ್ಚುತ್ತದೆ. ಅದಕ್ಕೆ ಕರೆಂಟೂ ಬೇಡ, ಫೋನೂ ಬೇಡ. ಆದರೆ ಕುದಿಯುವ ನೀರು ಕೊಟ್ಟರೆ ಅದು ಕೆಡುತ್ತದೆ. ಆದ್ದರಿಂದ ಬೆಂಕಿ ಇರಕೂಡದು.

ಹೆಂಡತಿ ಕೊನೆಯವರೆಗೂ ಕೇಳಿ, ನನ್ನನ್ನಲ್ಲ, ಗಂಡನನ್ನು ನೋಡಿ ಹೇಳಿದರು. "ಗೂಡು ಮುಚ್ಚಿದ್ರೆ ಕರೆಂಟಿಲ್ಲದ ದಿನ ನಾ ಎಂತ ಮಾಡೂದು? ನಿಮ್ಮ ಹಾಸಿಗೆ ಬಟ್ಟೆ ತಣ್ಣೀರಲ್ಲಿ ತೊಳ್ದ್ರೆ ವಾಸನೆ ಹೋಗೂದಿಲ್ಲ. ಮತ್ತೆ ಅಂಗಳದಲ್ಲಿ ಹಂಡೆ ಇಟ್ಟು ಹೊರೂಕೆ ನನ್ನ ಭುಜದ ಹತ್ರ ಆಗೂದಿಲ್ಲ."

ಆಮೇಲೆ ಆಕೆಯೇ ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಬಚ್ಚಲಿನ ಕಡೆಗೊಮ್ಮೆ ನೋಡಿ, "ಮುಚ್ಚು ತಂಗಿ," ಎಂದರು. ಒಳಗೆ ಹೋದವರು ನಾನು ಹೊರಡುವವರೆಗೆ ಹೊರಗೆ ಬರಲಿಲ್ಲ.

ವಾಲ್ವ್ ಹುಬ್ಬಳ್ಳಿಯಿಂದ ಬರಬೇಕಾಯಿತು. ಕೂರಿಸಿದ ಮೂರನೆಯ ದಿನಕ್ಕೇ ಅದರ ಧಾರೆ ನೂಲಿನಷ್ಟು ಸಣ್ಣದಾಯಿತು. ಬಾವಿಯ ನೀರಿನಲ್ಲಿ ಕಬ್ಬಿಣದಂಶ ಹೆಚ್ಚು. ಕೆಂಪು ರಾಡಿ ಜಾಲರಿಗೆ ಅಂಟಿತ್ತು. ಬಿಚ್ಚಿ, ತೊಳೆದು, ಎರಡೂ ಪೈಪಿಗೆ ಬೇರೆ ಬೇರೆ ಸೋಸುಕ ಹಾಕಿದೆ. ಅದನ್ನು ಆಗಾಗ ಬಿಚ್ಚಿ ತೊಳೆಯುವುದನ್ನು ಲೈನ್‌ಮನ್‌ಗೆ ಕಲಿಸಿದೆ. ಗೂಡಿಗೆ ಕಲ್ಲು ಕೂರಿಸಿ ಸಿಮೆಂಟು ಮೆತ್ತಿದೆ. ಕೊನೆಗೆ ಒಂದು ಇಡೀ ಬೆಳಿಗ್ಗೆ ಎಲ್ಲವನ್ನೂ ಬೇಕೆಂದೇ ಕೆಡಿಸಿ ನೋಡಿದೆವು. ಮೇನ್ ಆಫ್ ಮಾಡಿದೆವು. ತಣ್ಣೀರಿನ ಪೈಪು ಮುಚ್ಚಿದೆವು. ಸೆನ್ಸರಿನ ವೈರ್ ಕಿತ್ತೆವು. ಪ್ರತಿಸಲವೂ ನೀರು ಒಂದೋ ಹದವಾಗಿ ಬಂತು, ಇಲ್ಲ ನಿಂತುಹೋಯಿತು. ಒಮ್ಮೆಯೂ ಸುಡಲಿಲ್ಲ.

ಹೆಂಡತಿ ಅವರನ್ನು ಕುರ್ಚಿಗೆ ದಾಟಿಸಿ, ಸಾಬೂನು ಟವೆಲುಗಳನ್ನು ಕೈಗೆಟುಕುವಲ್ಲಿ ಇಟ್ಟು ಹೊರಗೆ ಬಂದರು. ಬಾಗಿಲು ಮುಚ್ಚಿತು. ಚಿಲಕ ಹಾಕಬೇಡಿ ಎಂದು ಆಕೆ ಹೇಳಿದ ಮೇಲೂ ಒಳಗೆ ಚಿಲಕ ಬಿದ್ದ ಸದ್ದಾಯಿತು. ನಾವಿಬ್ಬರೂ ಹಿತ್ತಲ ಕಟ್ಟೆಯ ಮೇಲೆ ಕೂತೆವು. ಆಕೆ ಒಳಗಿನ ನೀರಿನ ಸದ್ದನ್ನೇ ಕೇಳುತ್ತಿದ್ದರು. ನೀರು ನಿಂತಾಗ ಎದ್ದು ನಿಲ್ಲುವರು, ಮತ್ತೆ ಬಿದ್ದಾಗ ಕೂರುವರು. ಬಹಳ ಹೊತ್ತಿನ ಮೇಲೆ ಚಿಲಕ ತೆಗೆದ ಸದ್ದು. ಅವರು ಒದ್ದೆ ಕೂದಲಲ್ಲಿ, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಕೂತಿದ್ದರು. ಪಾದ ನೋಡು ಎಂದರು ಹೆಂಡತಿಗೆ. ಆಕೆ ಮೊಣಕಾಲೂರಿ ಎರಡೂ ಪಾದಗಳನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದರು. ಹಳೆಯ ಕಲೆಯ ಹೊರತು ಏನೂ ಇರಲಿಲ್ಲ. ಸರಿಯಿದೆ ಎಂದು ಹೇಳಿ, ಶಾಲೆಗೆ ಹೊತ್ತಾಯಿತೆಂದು ಚೀಲ ಹಿಡಿದು ಹೊರಟರು. ಅಂಗಳ ದಾಟುವಾಗ ಅವರ ನಡಿಗೆ ಎಂದಿಗಿಂತ ಸ್ವಲ್ಪ ನಿಧಾನವಿತ್ತು.

ಅದಾದ ಮೇಲೆ ಅವರು ದಿನಾ ಒಬ್ಬರೇ ಮಿಂದರು. ಹೆಂಡತಿ ಕುರ್ಚಿಗೆ ದಾಟಿಸುವುದು, ಆಮೇಲೆ ಎತ್ತುವುದು ಮಾತ್ರ. ಆಗೊಮ್ಮೆ ಈಗೊಮ್ಮೆ ಫೋನು ಮಾಡಿ ಸೋಸುಕ ತೊಳೆದೆನೆಂದೋ, ಇವತ್ತು ಕರೆಂಟು ಹೋಗಿತ್ತು, ವಾಲ್ವ್ ಸರಿಯಾಗಿ ನಡೆದುಕೊಂಡಿತೆಂದೋ ಹೇಳುತ್ತಿದ್ದರು. ಅವರ ದನಿಯಲ್ಲಿ ಕೆಲಸಕ್ಕೆ ಹೋಗಿ ಬಂದವರ ಬಿರುಸು ಇರುತ್ತಿತ್ತು. ನಾನು ಬೇರೆ ಕೆಲಸಗಳಲ್ಲಿ ಮುಳುಗಿದೆ. ಯಲ್ಲಾಪುರದ ಕಡೆ ಒಂದು ವಸತಿನಿಲಯಕ್ಕೆ ಸೋಲಾರ್ ಹೀಟರ್ ಹಾಕುವುದಿತ್ತು.

ಬಿಸಿಲು ಏರತೊಡಗಿದ ದಿನಗಳಲ್ಲಿ ಅವರ ಫೋನು ನಿಂತಿತು. ಸೋಸುಕ ಹೇಗಿದೆ ಕೇಳೋಣವೆಂದು ನಾನೇ ಮಾಡಿದಾಗ ಎತ್ತಿದ್ದು ಹೆಂಡತಿ. ಜ್ವರ ಬಂದಿತ್ತಂತೆ, ಇಳಿಯಲಿಲ್ಲವಂತೆ. ಮನೆಗೆ ಬರುವ ನರ್ಸಮ್ಮ ಅವರನ್ನು ಮಗ್ಗುಲು ತಿರುಗಿಸಿ ನೋಡಿದಾಗ ಕೂರುವ ಜಾಗದಲ್ಲಿ ಹುಣ್ಣು. ಹೊರಗೆ ಒಂದು ನಾಣ್ಯದಷ್ಟು, ಒಳಗೆ ಮೂಳೆಯವರೆಗೆ. ಕೂತಲ್ಲೇ ಕೂತು ಮೈಯ ಭಾರ ಬಿದ್ದು ಆಗುವ ಹುಣ್ಣು. ಅವರಿಗೆ ನೋವೇ ಇರಲಿಲ್ಲ. ಮೊದಲಾದರೆ ದಿನಾ ಮೀಯಿಸುವಾಗ ಹೆಂಡತಿ ಬೆನ್ನು, ಸೊಂಟ, ತೊಡೆಯ ಹಿಂಭಾಗ ಎಲ್ಲ ಉಜ್ಜುತ್ತಿದ್ದರು. ಚರ್ಮ ಸ್ವಲ್ಪ ಕೆಂಪಾದರೂ ಅವರ ಕಣ್ಣಿಗೆ ಬೀಳುತ್ತಿತ್ತು, ಆ ದಿನ ಮಗ್ಗುಲು ಬದಲಿಸಿ ಮಲಗಿಸುತ್ತಿದ್ದರು. ಒಬ್ಬರೇ ಮೀಯಲು ಶುರುಮಾಡಿದ ಮೇಲೆ ಆ ಜಾಗವನ್ನು ಯಾರೂ ನೋಡಿರಲಿಲ್ಲ. ನೀರಿನ ಬಿಸಿಯನ್ನು ಮೂವರೂ ಅಷ್ಟು ಎಚ್ಚರದಿಂದ ಕಾದೆವು. ಕಾಯಬೇಕಾದದ್ದು ಇನ್ನೊಂದು ಇತ್ತೆಂದು ಮೂವರಿಗೂ ಹೊಳೆಯಲಿಲ್ಲ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹುಣ್ಣು ಕತ್ತರಿಸಿ ತೆಗೆದರು. ಅದು ಕೂಡಲಿಲ್ಲ. ಸೋಂಕು ಮೂಳೆಗೆ ಇಳಿದಿದೆ, ಇನ್ನು ಕೂರಿಸುವಂತಿಲ್ಲ, ಬೋರಲಾಗಿಯೋ ಮಗ್ಗುಲಾಗಿಯೋ ಮಲಗಿಸಬೇಕು ಎಂದು ಹೇಳಿ ಮನೆಗೆ ಕಳಿಸಿದರು. ಎಷ್ಟು ದಿನ ಎಂದು ಹೆಂಡತಿ ಕೇಳಿದ್ದಕ್ಕೆ ಡಾಕ್ಟರು ನೇರ ಉತ್ತರ ಕೊಡಲಿಲ್ಲವಂತೆ. ಚೆನ್ನಾಗಿ ನೋಡಿಕೊಳ್ಳಿ ಎಂದರಂತೆ. ಇದನ್ನೆಲ್ಲ ಹೇಳಿ ಆಕೆ, ಬಿಡುವಿದ್ದಾಗ ಬಂದು ಬಾಯ್ಲರನ್ನು ಮೊದಲಿನ ಹಾಗೆ ಮಾಡಿಕೊಡುತ್ತೀಯಾ ಎಂದು ಕೇಳಿದರು. ಈಗ ದಿನಕ್ಕೆ ಎಷ್ಟೋ ಸಲ ಬಟ್ಟೆ ಕುದಿಸಬೇಕು, ಕರೆಂಟನ್ನು ಕಾಯುತ್ತ ಕೂರಲಾಗುವುದಿಲ್ಲ. ಗೂಡು ಬೇಕು.

ನಾನು ಹೋದಾಗ ಮಧ್ಯಾಹ್ನದ ಹೊತ್ತು. ಬಚ್ಚಲಿಗೆ ಅಂಟಿದ ಕೋಣೆಯಲ್ಲಿ ಅವರು ಬೋರಲಾಗಿ ಮಲಗಿದ್ದರು, ಮುಖ ಗೋಡೆಯ ಕಡೆ. ಕೋಣೆಯಲ್ಲಿ ಔಷಧಿಯ ವಾಸನೆ, ಅದರಡಿಯಲ್ಲಿ ಇನ್ನೊಂದು ವಾಸನೆ. ಬಂದೆ ಅಣ್ಣ ಎಂದೆ. ಹ್ಞೂಂ ಎಂದರು. ತಿರುಗಿ ನೋಡಲು ಅವರಿಗೆ ಆಗುತ್ತಿರಲಿಲ್ಲ. ಬೆನ್ನಿನ ಮೂಳೆಗಳು ಹೊದಿಕೆಯ ಮೇಲೆಯೇ ಎದ್ದು ಕಾಣುತ್ತಿದ್ದವು.

ಬಿಚ್ಚುವ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೇನ್ ಆಫ್ ಮಾಡಿ, ಮೊದಲು ವಾಲ್ವ್ ತೆಗೆದೆ. ಬೆಂಕಿ ಹಾಕಿದರೆ ಅದು ಉಳಿಯುವುದಿಲ್ಲ. ಸೋಸುಕಗಳು ಶುಭ್ರವಾಗಿದ್ದವು, ಜ್ವರ ಬರುವ ಹಿಂದಿನ ದಿನವೂ ತೊಳೆದಿರಬೇಕು. ಆಮೇಲೆ ಸೆನ್ಸರ್ ಎಳೆದು, ಕೊಳವೆಯ ಬಾಯಿಗೆ ಬಿರಡೆ ಹಾಕಿದೆ. ಕಾಂಟ್ಯಾಕ್ಟರ್, ಕಟೌಟ್, ಕೊನೆಗೆ ಗೋಡೆಯ ಮೇಲಿನ ಥರ್ಮೊಸ್ಟಾಟ್. ಗಾಜಿನ ಮುಖದ ಮೇಲೆ ಅವರ ಹೆಬ್ಬೆರಳಿನ ಗುರುತು ಸಾಬೂನಿನ ಕಲೆಯಾಗಿ ಒಣಗಿತ್ತು. ಉಳಿ ಹಿಡಿದು ಗೂಡಿನ ಬಾಯಿಯ ಸಿಮೆಂಟು ಒಡೆಯುವಾಗ ಪ್ರತಿ ಏಟೂ ಕೋಣೆಯೊಳಗೆ ಕೇಳಿಸುತ್ತಿದೆಯೆಂದು ಗೊತ್ತಿತ್ತು. ಮೆಲ್ಲಗೆ ಹೊಡೆದರೆ ಅದು ಒಡೆಯುತ್ತಿರಲಿಲ್ಲ. ಕಲ್ಲು ಹೊರಗೆ ಬಂತು. ಒಳಗೆ ಹಳೆಯ ಬೂದಿ ಹಾಗೆಯೇ ಇತ್ತು.

ಕಾಯಿಲನ್ನು ನೇರ ಸ್ವಿಚ್ಚಿಗೆ ಕೊಡುತ್ತಿದ್ದಾಗ ಒಳಗಿನಿಂದ ಅವರ ದನಿ ಬಂತು. ಗೋಡೆಗೆ ಹೇಳಿದ ಹಾಗಿತ್ತು.

"ತಂಗಿ, ಬಿಚ್ಚಿದ ಸಾಮಾನು ಯಾರಿಗಾದ್ರೂ ಹಾಕು. ವೇಸ್ಟ್ ಮಾಡ್ಬೇಡ."

ಆಗಲಿ ಎಂದೆ.

ಮತ್ತೆ ಕರೆದರು. "ಆ ಕಾಯಿಲ್ ಹಳೇದು. ಒಳಗೆ ಕರೆಂಟು ಸೋರ್ತಾ ಇರ್ತದೆ. ಬಾಯ್ಲರಿನ ಮೈಗೆ ಒಂದು ಅರ್ಥ್ ವೈರ್ ಬೇರೆ ಎಳಿ. ಅವಳ ಕೈ ಯಾವಾಗ್ಲೂ ಒದ್ದೆ ಇರ್ತದೆ."

ನನ್ನ ಚೀಲದಲ್ಲಿದ್ದ ತಾಮ್ರದ ತಂತಿಯನ್ನೇ ತೆಗೆದು, ಬಾಯ್ಲರಿನ ಕಾಲಿನ ಹತ್ತಿರ ತಾಮ್ರವನ್ನು ಹೊಳೆಯುವಂತೆ ಉಜ್ಜಿ, ಬೋಲ್ಟು ಹಾಕಿ ಬಿಗಿದೆ. ಇನ್ನೊಂದು ತುದಿಯನ್ನು ಹೊರಗಿನ ಅರ್ಥ್ ಗುಂಡಿಗೆ ಎಳೆದು ಕೂಡಿಸಿದೆ. ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ಅವರು ಕೋಣೆಯಿಂದಲೇ ನೀರು ಹಾಕಿದೆಯಾ, ಉಪ್ಪು ಹಾಕಿದೆಯಾ, ನಟ್ಟಿನಡಿ ವಾಷರ್ ಇದೆಯಾ ಎಂದು ಕೇಳುತ್ತ ಹೋದರು. ಒಂದೊಂದಕ್ಕೂ ಹೌದು ಎನ್ನುತ್ತ ಹೋದೆ. ಮೇನ್ ಹಾಕಿ, ಕಾಯಿಲ್ ಆನ್ ಮಾಡಿ, ಬಾಯ್ಲರಿನ ಮೈಗೆ ಟೆಸ್ಟರ್ ಹಿಡಿದೆ. ದೀಪ ಹತ್ತಲಿಲ್ಲ. ಹತ್ತಲಿಲ್ಲ ಅಣ್ಣ ಎಂದು ಕೂಗಿ ಹೇಳಿದೆ.

ಅವರಿಗೆ ಅದು ಸಾಲಲಿಲ್ಲ. "ಅವಳತ್ರ ಮುಟ್ಟೂಕೆ ಹೇಳು," ಎಂದರು.

ಹೆಂಡತಿ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದರು. ಹಾಗೆಯೇ ಎದ್ದು ಬಂದರು, ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಮುಖ ನೋಡಿದರು, ಬಾಯ್ಲರನ್ನು ನೋಡಿದರು. ಆಮೇಲೆ ಒದ್ದೆಯ ಅಂಗೈಯನ್ನು ತಾಮ್ರದ ಮೈಮೇಲೆ ಪೂರ್ತಿಯಾಗಿ ಊರಿ ನಿಂತರು.

"ಹೊಡೀತಾ?" ಒಳಗಿನಿಂದ ಕೇಳಿದರು.

"ಇಲ್ಲ," ಎಂದರು ಆಕೆ. ಕೈ ತೆಗೆಯಲಿಲ್ಲ. "ಎಂತ ಇಲ್ಲ. ನೀವು ಮಲಕ್ಕಳ್ಳಿ."